ಪಂಪ್ ಬದಲಿಸಿದ್ರ ಗಾಡಿ ಆವರೇಜ್ ಬದಲಾಗ್ತದೇನ್ರಿ?

ಫರ್ಸಿ_ಶಹಾಬಾದ್

ಎಲ್ಲರಿಗೂ ನಮಸ್ಕಾರ್ರಿ. ಗಾಡಿ 2019ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ, ಟ್ಯಾಂಕ್ 37 ಲೀಟರಿಂದು. ಓಡಾಟ ಹೆಚ್ಚಾಗಿ ಕಲಬುರಗಿ–ಯಾದಗಿರಿ, ನಡುನಡುವೆ ಬೀದರ್. ಒಂದು ಕಂಪನಿ ಪಂಪಿನಾಗ ಟ್ಯಾಂಕ್ ಫುಲ್ ಮಾಡಿಸಿದಾಗ ಲೀಟರಿಗೆ 18.8 ಬಂತು, ಇನ್ನೊಂದು ಕಂಪನಿದು ಹಾಕಿಸಿದಾಗ 17.2. ಎರಡೂ ಒಂದೊಂದೇ ಟ್ಯಾಂಕಿನ ಲೆಕ್ಕ. ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬರೋದಕ್ಕಿಂತ ಮೊದಲು ಇದೇ ರಸ್ತೆದಾಗ 19 ಸಿಗ್ತಿತ್ತು.

ಕಂಪನಿ ಬದಲಾದ್ರ ಇಷ್ಟು ಫರಕ್ ಖರೇನೇ ಬರ್ತದೇನು? ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಕೊಟ್ಟು 95 ಆಕ್ಟೇನಿನ ಪ್ರೀಮಿಯಂ ಹಾಕಿಸಿದ್ರ ಉಪಯೋಗ ಅದನ? ಪಂಪಿನಾಗ ಅಳತಿ ಕಡಿಮಿ ಬೀಳ್ತದ ಅಂತ ಸಂಶಯ ಬಂದ್ರ ನಮ್ಮಂಥೋರು ಹೆಂಗ ನೋಡ್ಕೋಬೇಕು?

ಖೂಬಾ_ಪ್ಲಾಟ್

ಒಂದೂವರೆ ಕಿಲೋಮೀಟರ್ ಫರಕ್ ಕಂಪನಿ ಹೆಸರಿಂದ ಬರೋದಿಲ್ರಿ. ಬಂದದ ಅಂದ್ರ ಕಾರಣ ಬ್ಯಾರೆ ಕಡೆ ಹುಡುಕಬೇಕು.

ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಎಚ್‌ಪಿ ಈ ಮೂರೂ ಸರ್ಕಾರಿ ಕಂಪನಿಗಳು ಮಾಲು ಹಂಚಿಕೊಂಡು ಮಾರ್ತಾವ. ಯಾವ ರಿಫೈನರಿ ಹತ್ರ ಅದನೋ ಅಲ್ಲಿಂದ ಉಳಿದವರೂ ತುಂಬಿಸ್ಕೊಳ್ತಾರ, ಸಾಗಾಟದ ಖರ್ಚು ಉಳೀತದ. ನಮ್ಮ ರಾಜ್ಯದಾಗ ಇರೋ ಒಂದೇ ರಿಫೈನರಿ ಮಂಗಳೂರಿನ ಎಂಆರ್‌ಪಿಎಲ್, ಅಲ್ಲಿ ತಯಾರಾದದ್ದು ಬ್ಯಾರೆ ಬ್ಯಾರೆ ಬೋರ್ಡಿನ ಪಂಪಿಗೆ ಹೋಗ್ತದ. ಯಾರೇ ಮಾರಲಿ, ಇ20 ಪೆಟ್ರೋಲ್ ಐಎಸ್ 17021ಕ್ಕ, ಡೀಸೆಲ್ ಐಎಸ್ 1460ಕ್ಕ ತಕ್ಕಂಗ ಇರಲೇಬೇಕು. 2020ರ ಏಪ್ರಿಲ್ 1ಕ್ಕ ಬಿಎಸ್-6 ಹೊಗಿ ನಿಯಮ ಬಂದ ಮ್ಯಾಲೆ ಗಂಧಕ ಕೆಜಿಗೆ 10 ಮಿಲಿಗ್ರಾಂ ದಾಟಂಗಿಲ್ಲ, ಇದೂ ಎಲ್ಲಾರಿಗೂ ಒಂದೇ. ಕಂಪನಿಯಿಂದ ಕಂಪನಿಗೆ ಬದಲಾಗೋದು ಅಡಿಟಿವ್ ಮಾತ್ರ. ಅದರ ಕೆಲಸ ಇಂಜೆಕ್ಟರ್, ಇನ್‌ಟೇಕ್ ವಾಲ್ವ್ ಮ್ಯಾಲೆ ಕೂಡೋ ಮಸಿ ತೊಳೆಯೋದು. ಸಾವಿರಾರು ಕಿಲೋಮೀಟರ್ ಓಡಿದ ಮ್ಯಾಲೆ ಅದರ ಗುಣ ಕಾಣ್ತದ ಹೊರತು ಒಂದೇ ಟ್ಯಾಂಕಿನಾಗ ಆವರೇಜ್ ಏರಂಗಿಲ್ಲ.

ನಿಮ್ಮ 19 ಎಲ್ಲಿ ಹೋತು ಅನ್ನೋದಕ್ಕ ಉತ್ತರ ಎಥೆನಾಲಿನಾಗ ಅದ. ದೇಶದಾಗ ಶೇ 10 ಎಥೆನಾಲ್ ಬೆರಕಿ 2022ರ ಜೂನ್‌ದಾಗ ಪೂರ್ತಿ ಆತು. ಇ20 ಮಾರಾಟ 2023ರ ಫೆಬ್ರುವರಿ 6ಕ್ಕ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ದಾಗ ಸುರು ಆಗಿ, 2025ರ ಹೊತ್ತಿಗೆ ಊರೂರಿನ ಪಂಪಿಗೆ ಬಂತು. ಲೆಕ್ಕ ನೋಡ್ರಿ. ಶುದ್ಧ ಪೆಟ್ರೋಲ್ ಒಂದು ಲೀಟರಿನಾಗ ಸುಮಾರು 32 ಮೆಗಾಜೂಲ್ ಶಕ್ತಿ ಇರ್ತದ, ಎಥೆನಾಲ್‌ದಾಗ 21ರ ಆಸುಪಾಸು. ಶೇ 10 ಬೆರೆಸಿದ್ರ ಲೀಟರಿಗೆ 30.9, ಶೇ 20 ಬೆರೆಸಿದ್ರ 29.8. ಇ10ರಿಂದ ಇ20ಕ್ಕ ಬಂದಾಗ ಶೇ 3.5ರಷ್ಟು ಶಕ್ತಿ ಲೀಟರಿನಾಗೇ ಇರಂಗಿಲ್ಲ. 19 ಕೊಡೋ ಗಾಡಿ 18.3ಕ್ಕ ಇಳಿಯೋದು ಇಷ್ಟರಿಂದಲೇ. ನೀತಿ ಆಯೋಗದ 2021ರ ವರದಿನೂ ಇದನ್ನ ಮುಚ್ಚಿಟ್ಟಿಲ್ಲ: ಶುದ್ಧ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಕ್ಕ ಹೊಂದಿಸಿದ ಕಾರು ಇ20 ಕುಡಿದ್ರ ಶೇ 6ರಿಂದ 7, ಇ10ಕ್ಕ ವಿನ್ಯಾಸ ಮಾಡಿ ಇ20ಕ್ಕ ಹೊಂದಿಸಿದ ಕಾರಿಗೆ ಶೇ 1ರಿಂದ 2 ಇಳಿತದ ಅಂತ ಅದರಾಗ ಅದ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿ ಆದ್ರ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನಿ ಬರ್ತದೇನು, ಇಂಧನದ ರಬ್ಬರ್ ಪೈಪ್ ಸೀಳ್ಯಾವೇನು ಅಂತ ಸರ್ವಿಸ್‌ದಾಗ ನೋಡಿಸ್ಕೋರಿ. ಹಳಿ ರಬ್ಬರಿಗೆ ಎಥೆನಾಲ್ ಆಗಿಬರಂಗಿಲ್ಲ.

ಪ್ರೀಮಿಯಂ ವಿಷಯ. ಆಕ್ಟೇನ್ ಅಂದ್ರ ಶಕ್ತಿ ಅಲ್ರಿ. ಒತ್ತಡ ಬಿದ್ದಾಗ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳದಂಗ ತಡಿಯೋ ಗುಣ ಅದು. ನಿಮ್ಮ ಟರ್ಬೊ ಇಲ್ಲದ ಇಂಜಿನ್ 91 ಆಕ್ಟೇನಿಗೇ ತಯಾರಾದದ್ದು, ಅದಕ್ಕ ಹೆಚ್ಚಿಂದು ಕೊಟ್ರ ಬಳಸ್ಕೊಳ್ಳೋ ದಾರಿ ಇಲ್ಲ. ಎಥೆನಾಲ್ ಸೇರಿದ ಮ್ಯಾಲೆ ಸಾದಾ ಪೆಟ್ರೋಲಿನ ಆಕ್ಟೇನೇ 95ಕ್ಕ ಮುಟ್ಯದ ಅಂತ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ದಾಗ ಹೇಳ್ಯದ. ರೊಕ್ಕದ ಲೆಕ್ಕನೂ ಹಾಕ್ರಿ: ನೂರಾ ಮೂರು ರೂಪಾಯಿ ಮ್ಯಾಲೆ ಎಂಟು ಹೆಚ್ಚು ಕೊಟ್ರ ಶೇ 7.8 ಹೆಚ್ಚಾತು. ಅದು ಗಿಟ್ಟಬೇಕಂದ್ರ 18 ಕೊಡೋ ಗಾಡಿ 19.4 ಕೊಡಬೇಕು. ಕೊಡಂಗಿಲ್ಲ.

ಕಾರಂಜಾ_ಹೊಳಿ

ಮೇಲಿನವರು ಹೇಳಿದ್ದು ಸರಿ. ಆದರೆ ಮೊದಲು ಆ 18.8 ಮತ್ತು 17.2 ಎರಡೂ ನಂಬುವಂಥ ಸಂಖ್ಯೆಗಳೇ ಎಂದು ನೋಡಬೇಕು. ಒಂದೇ ಟ್ಯಾಂಕಿನ ಲೆಕ್ಕದಲ್ಲಿ ಇಷ್ಟು ಏರುಪೇರು ಆಗಿಯೇ ಆಗುತ್ತದೆ.

400 ಕಿ.ಮೀ. ಓಡಿ ನಿಜವಾಗಿ 22 ಲೀಟರ್ ಖರ್ಚಾಗಿದೆ ಅನ್ನಿ, ಲೀಟರಿಗೆ 18.2. ಈಗ ಪೈಪ್ ಒಂದು ಲೀಟರ್ ಮೊದಲೇ ‘ಟಕ್’ ಅಂತ ನಿಂತರೆ ಬಿಲ್ಲಿನಲ್ಲಿ 21 ಲೀಟರ್, ನಿಮ್ಮ ಲೆಕ್ಕ 19. ಒಂದು ಲೀಟರ್ ಹೆಚ್ಚಿಗೆ ಹೋದರೆ ಬಿಲ್ಲು 23, ಲೆಕ್ಕ 17.4. ಗಾಡಿ ಅದೇ, ಪೆಟ್ರೋಲ್ ಅದೇ, ಆದರೂ 1.6 ಕಿ.ಮೀ. ವ್ಯತ್ಯಾಸ. ನೀವು ಬರೆದ ಅಂತರವೂ ಅಷ್ಟೇ ಇದೆ ನೋಡಿ.

ಒಂದು ಲೀಟರ್ ಹೇಗೆ ತಪ್ಪುತ್ತದೆ? ನಾಜಲ್ ತುದಿಯಲ್ಲೊಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಆ ತೂತಿಗೆ ಮುಟ್ಟಿದ ಕೂಡಲೇ ಗಾಳಿ ಎಳೆಯುವುದು ನಿಂತು ನಾಜಲ್ಲಿನ ಕುದುರೆ (ಒತ್ತುವ ಹಿಡಿ) ಜಾರುತ್ತದೆ. ಜೋರಾಗಿ ಬಿಟ್ಟರೆ ನೊರೆ ಎದ್ದು ಮೊದಲೇ ಮುಟ್ಟುತ್ತದೆ, ನಿಧಾನ ಬಿಟ್ಟರೆ ತಡವಾಗಿ. ಪಂಪಿನ ನೆಲ ಒಂದು ಕಡೆ ಇಳಿಜಾರಾಗಿದ್ದರೆ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ನಾಜಲ್ ಒಳಗೆ ಎಷ್ಟು ಆಳ ಇಟ್ಟರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ‘ಟಕ್’ ಆದ ಮೇಲೆ ಚಿಲ್ಲರೆ ಸರಿಮಾಡಲು 2,260 ರೂಪಾಯಿಯನ್ನು 2,300 ಮಾಡುವುದು. ಆ 40 ರೂಪಾಯಿ ಸುಮಾರು 390 ಮಿಲಿಲೀಟರ್.

ಆದ್ದರಿಂದ ಹೀಗೆ ಮಾಡಿ. ಒಂದೇ ಪಂಪು, ಅದೇ ಮಷೀನು, ಗಾಡಿ ನಿಲ್ಲಿಸುವ ಜಾಗವೂ ಅದೇ. ಮೊದಲ ‘ಟಕ್’ಗೆ ನಿಲ್ಲಿಸಲು ಹೇಳಿ, ಮೊತ್ತ ಎಷ್ಟೇ ಬರಲಿ, ಅಷ್ಟನ್ನೇ ಯುಪಿಐನಲ್ಲಿ ಕೊಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಮೂರು ಸಲ ಹೀಗೆಯೇ ತುಂಬಿಸಿ ಕಿಲೋಮೀಟರನ್ನೂ ಲೀಟರನ್ನೂ ಕೂಡಿಸುತ್ತಾ ಹೋಗಿ, ಕೊನೆಗೆ ಒಂದೇ ಭಾಗಾಕಾರ ಮಾಡಿ. ನಡುವಿನ ತಪ್ಪುಗಳು ಒಂದಕ್ಕೊಂದು ಹೊಡೆದುಹೋಗುತ್ತವೆ, ಉಳಿಯುವುದು ಮೊದಲ ಮತ್ತು ಕೊನೆಯ ‘ಟಕ್’ನ ತಪ್ಪು ಮಾತ್ರ. 1,200 ಕಿ.ಮೀ.ಗೆ 66 ಲೀಟರ್ ಎಂದರೆ ಒಂದು ಲೀಟರ್ ತಪ್ಪಿದರೂ ಉತ್ತರ 17.9 ಮತ್ತು 18.5ರ ನಡುವೆಯೇ ಇರುತ್ತದೆ. ಆಮೇಲೆ ಇನ್ನೊಂದು ಕಂಪನಿಯದನ್ನು ಇಷ್ಟೇ ದೂರ ಓಡಿಸಿ ನೋಡಿ. ಡ್ಯಾಶ್‌ಬೋರ್ಡ್ ತೋರಿಸುವ ಆವರೇಜನ್ನು ಇದಕ್ಕೆ ಬಳಸಬೇಡಿ. ಅದು ಇಂಜೆಕ್ಟರ್ ತೆರೆದಿದ್ದ ಸಮಯದಿಂದ ಕಟ್ಟಿದ ಅಂದಾಜು, ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ.

ಬೀದರ್ ರಸ್ತೆಯ ಬಗ್ಗೆ ಒಂದು ಮಾತು. ಬೀದರ್ ಊರು ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಜನ ಸಮೇತ 1,100 ಕೆಜಿ ತೂಗುವ ಗಾಡಿಯನ್ನು ಅಷ್ಟು ಮೇಲಕ್ಕೆ ಏರಿಸಲು ಕಾಲು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲ್ ಬೇಕು. ಕಮಲಾಪುರ, ಹುಮನಾಬಾದ್ ದಾಟಿ ಹೋಗುವಾಗ ಒಂದು ಕಂಪನಿಯದು, ಬರುವಾಗ ಇನ್ನೊಂದು ಕಂಪನಿಯದು ಹಾಕಿಸಿ ಹೋಲಿಸಿದರೆ ಬರುವಾಗಿನದೇ ಗೆಲ್ಲುತ್ತದೆ. ಹೋಗಿ ಬಂದದ್ದು ಎರಡೂ ಸೇರಿಯೇ ಅಳೆಯಬೇಕು. ಏಪ್ರಿಲ್–ಮೇ ಬಿಸಿಲಲ್ಲಿ ಎಸಿ ಪೂರ್ತಿ ಹಾಕಿ ಓಡಿಸಿದ ಟ್ಯಾಂಕನ್ನು ಡಿಸೆಂಬರಿನ ಟ್ಯಾಂಕಿಗೆ ಹೋಲಿಸುವುದೂ ಇದೇ ಜಾತಿಯ ತಪ್ಪು.

‘ಟಕ್’ ಆದ ಮೇಲೆ ಕುತ್ತಿಗೆವರೆಗೆ ತುಂಬಿಸುವ ಚಟ ಇದ್ದರೆ ಬಿಡಿ. ಬಿಸಿಲಿಗೆ ಪೆಟ್ರೋಲ್ ಹತ್ತು ಡಿಗ್ರಿಗೆ ಶೇ 1ರಷ್ಟು ಹಿಗ್ಗುತ್ತದೆ. ಜಾಗ ಸಾಲದೆ ಅದು ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ನುಗ್ಗಿದರೆ ಆ ಡಬ್ಬಿ ಕೆಟ್ಟು, ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಸುರಪುರ_ಸವಾರ

ಅಳತಿ ಕೇಳ್ಯಾರಲ್ಲ, ಅದಕ್ಕ ಹೇಳ್ತೀನ್ರಿ. ಪ್ರತಿಯೊಂದು ಪಂಪಿನಾಗ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರಿ ಹಾಕಿದ 5 ಲೀಟರಿನ ಅಳತಿ ಪಾತ್ರಿ ಇರಲೇಬೇಕು. ಗಿರಾಕಿ ಕೇಳಿದ್ರ ತೋರಿಸಬೇಕು, ಅದು ನಿಮ್ಮ ಹಕ್ಕು. ಸಮಾಧಾನದಿಂದ ಮ್ಯಾನೇಜರಿಗೆ ಕೇಳ್ರಿ, ಗದ್ದಲದ ಹೊತ್ತಿನಾಗ ಬ್ಯಾಡ.

ಪಾತ್ರಿ ಒಣಗಿದ್ರ ಮೊದಲ ಒಮ್ಮೆ ಪೆಟ್ರೋಲ್ ತುಂಬಿ ಬಸಿದು ಹಸಿ ಮಾಡ್ಕೋತಾರ. ಇಲ್ಲಂದ್ರ ಗ್ವಾಡಿಗೆ ಅಂಟಿದ್ದು ಕಡಿಮಿ ತೋರಿಸ್ತದ. ಆಮ್ಯಾಲೆ ಸಮ ನೆಲದ ಮ್ಯಾಲೆ ಇಟ್ಟು, ಮೀಟರ್ ಸೊನ್ನೆ ನೋಡಿ, ಸರಿಯಾಗಿ 5.00 ಲೀಟರ್ ಬಿಡಿಸ್ರಿ. ಪಾತ್ರಿ ಕುತ್ತಿಗಿ ಹತ್ರ ಗೀಟು ಇರ್ತಾವ, ಕಣ್ಣು ಅದೇ ಮಟ್ಟಕ್ಕ ತಂದು ಓದ್ರಿ, ಮ್ಯಾಲಿಂದ ಬಗ್ಗಿ ನೋಡಬ್ಯಾಡ್ರಿ. 25 ಮಿಲಿಲೀಟರ್ ತನಕ ಆಚೀಚೆ ನಿಯಮ ಒಪ್ತದ, ಅಂದ್ರ ಶೇ 0.5. ಅದಕ್ಕಿಂತ ಕಡಿಮಿ ಬಿದ್ರ ಆ ಮಷೀನು ನಿಲ್ಲಿಸಬೇಕು. ಪಂಪಿನ ದೂರು ಪುಸ್ತಕದಾಗ ಬರೀರಿ, ಇಲಾಖೆಗೂ ಅರ್ಜಿ ಕೊಡ್ರಿ. ಈ ಶೇ 0.5 ನಿಮ್ಮ ಆವರೇಜಿನಾಗ ಬರೇ 0.09 ಕಿ.ಮೀ. ಅನ್ನೋದನ್ನೂ ನೆನಪಿಡ್ರಿ. 100 ರೂಪಾಯಿ ಬದಲಿ 110ರದ್ದು ಹಾಕಿಸಿದ್ರ ಅಳತಿ ಬರೊಬ್ಬರಿ ಬರ್ತದ ಅನ್ನೋ ಮಾತಿಗೆ ಆಧಾರ ಇಲ್ಲ, ಮಷೀನು ಲೀಟರ್ ಎಣಸ್ತದ ಹೊರತು ರೂಪಾಯಿ ಅಲ್ಲ.

ಇನ್ನ ಕಲಬೆರಕಿ. ಫಿಲ್ಟರ್ ಪೇಪರ್ ಕೇಳಿದ್ರ ಪಂಪಿನವರು ಕೊಡಬೇಕು. ನಾಜಲ್ ತುದಿ ಒರೆಸಿ ಒಂದು ಹನಿ ಬಿಡ್ರಿ. ಎರಡು ನಿಮಿಷದಾಗ ಆರಿ ಕಲಿ ಉಳೀಲಿಲ್ಲ ಅಂದ್ರ ಸೀಮೆಎಣ್ಣಿ, ಡೀಸೆಲ್ ಥರದ ಭಾರ ಎಣ್ಣಿ ಬೆರೆತಿಲ್ಲ ಅಂತ. ಆದ್ರ ಭಾಳ ಮಂದಿ ಇದನ್ನೇ ಪೂರಾ ನಂಬ್ತಾರ, ಅದು ತಪ್ಪು. ಹಗುರ ಸಾಲ್ವೆಂಟ್ ಬೆರೆಸಿದ್ರ ಅದೂ ಪೆಟ್ರೋಲಿನಂಗೇ ಹಾರಿ ಹೋಗ್ತದ, ಕಾಗದ ಏನೂ ಹೇಳಂಗಿಲ್ಲ.

ಅದಕ್ಕಿಂತ ಸಾಂದ್ರತೆ ಪರೀಕ್ಷೆ ಛಲೋ. ಗಾಜಿನ 500 ಮಿಲಿಲೀಟರ್ ಜಾರ್, ತೇಲೋ ಹೈಡ್ರೋಮೀಟರ್, ಥರ್ಮಾಮೀಟರ್, ಪರಿವರ್ತನಾ ಕೋಷ್ಟಕ ಇವು ಪಂಪಿನಾಗೇ ಇರ್ತಾವ. ಜಾರಿನಾಗ ಪೆಟ್ರೋಲ್ ಹಿಡಿದು ಗಾಳಿ ಬಡಿಯದ ಜಾಗದಾಗ ಇಟ್ಟು, ಹೈಡ್ರೋಮೀಟರ್ ಕುಣಿಯೋದು ನಿಂತು ಗಾಜಿಗೆ ತಾಗದಂಗ ತೇಲುವಾಗ ಓದಬೇಕು. ನಮ್ಮ ಕಡೆ ಬ್ಯಾಸಿಗಿಯೊಳಗ 36 ಡಿಗ್ರಿಯಾಗ 732 (ಘನ ಮೀಟರಿಗೆ ಕೆಜಿ) ಬಂತು ಅಂದ್ರ ಗಾಬರಿ ಆಗಬ್ಯಾಡ್ರಿ, ಕೋಷ್ಟಕದಾಗ 15 ಡಿಗ್ರಿಗೆ ತಂದಾಗ ಅದು ಸುಮಾರು 750 ಆಗ್ತದ. ಟ್ಯಾಂಕರ್ ಬಂದಾಗ ರಿಜಿಸ್ಟರಿನಾಗ ಬರೆದ ಸಾಂದ್ರತೆಗೂ ಇದಕ್ಕೂ 3ಕ್ಕಿಂತ ಹೆಚ್ಚು ಫರಕ್ ಇರಬಾರದು. ನೋಡಬೇಕಾದ್ದು ಈ ಫರಕ್, ಬರೇ ಸಂಖ್ಯೆ ಅಲ್ಲ. ಎಥೆನಾಲ್ ತಾನೇ ಪೆಟ್ರೋಲಿಗಿಂತ ಭಾರ, ಹಿಂಗಾಗಿ ಸಾಂದ್ರತೆ ಹೆಚ್ಚಾದ ಮಾತ್ರಕ್ಕ ಶಕ್ತಿ ಹೆಚ್ಚು ಅಂತ ತಿಳೀಬಾರದು.

ಮಳಿಗಾಲದಾಗ ಹುಷಾರ್. ಎಥೆನಾಲ್ ನೀರು ಹೀರ್ತದ. ನೆಲದೊಳಗಿನ ಟ್ಯಾಂಕಿಗೆ ಮಳಿ ನೀರು ಇಳಿದು ಹೀರೋ ಮಿತಿ ದಾಟಿತು ಅಂದ್ರ ಎಥೆನಾಲ್, ನೀರು ಎರಡೂ ಕೂಡಿ ಬ್ಯಾರೆ ಪದರ ಆಗಿ ತಳಕ್ಕ ಕೂಡ್ತಾವ. ಅದು ಗಾಡಿಗೆ ಬಂದ್ರ ಆವರೇಜ್ ಮಾತು ದೂರ ಉಳೀತು, ಪಂಪಿನಿಂದ ಒಂದೆರಡು ಕಿಲೋಮೀಟರ್ ದಾಟೋದರೊಳಗ ಗಾಡಿ ಜಗ್ಗಾಡಿ ನಿಲ್ತದ. ಹಂಗಾದ್ರ ಮತ್ತ ಮತ್ತ ಸ್ಟಾರ್ಟ್ ಮಾಡಬ್ಯಾಡ್ರಿ. ಟ್ಯಾಂಕ್ ಬಸಿದು, ಪಾರದರ್ಶಕ ಬಾಟಲಿನಾಗ ಹಿಡಿದು ಅರ್ಧ ತಾಸು ಇಡ್ರಿ, ಎರಡು ಪದರ ಕಣ್ಣಿಗೇ ಕಾಣ್ತಾವ. ಆ ಬಾಟಲಿ, ಬಿಲ್ ಎರಡೂ ದೂರಿಗೆ ಸಾಕ್ಷಿ. ಜೋರು ಮಳಿ ಆದ ಮರುದಿನ, ಟ್ಯಾಂಕರ್ ಖಾಲಿ ಮಾಡ್ಲಿಕ್ಕತ್ತಿದ ಹೊತ್ತಿನಾಗ ಹಾಕಿಸೋದು ತಪ್ಪಿಸ್ರಿ, ತಳದ ಹೊಲಸು ಎದ್ದಿರ್ತದ.

ಖೂಬಾ_ಪ್ಲಾಟ್

ಪೆಟ್ರೋಲ್ ಮುಗೀತು, ಈಗ ಗಾಡಿಗೆ ಬರೋಣ. ಎಥೆನಾಲ್ ಕಳೆದು 18.3 ಬರಬೇಕು. ಮೂರು ಟ್ಯಾಂಕಿನ ಲೆಕ್ಕದಾಗೂ 17.5ರ ಕೆಳಗೇ ನಿಂತ್ರ ಇವನ್ನ ನೋಡ್ರಿ.

ಮೊದಲು ಗಾಳಿ. ನಮ್ಮ ಭಾಗದಾಗ ಒಂದು ತಪ್ಪು ಎಲ್ಲಾ ಕಡೆ ನಡೀತದ: ಬ್ಯಾಸಿಗಿಯೊಳಗ ಟೈರ್ ಸಿಡೀತದ ಅಂತ ಗಾಳಿ ಕಡಿಮಿ ಮಾಡೋದು. ಗಾಡಿ ಓಡಿ ಬಂದಾಗ ಟೈರ್ ಬಿಸಿ ಆಗಿ 33 ಪಿಎಸ್‌ಐ (ಗಾಳಿ ಒತ್ತಡದ ಅಳತಿ) ಇದ್ದದ್ದು 37 ತೋರಿಸ್ತದ. ಆಗ 33ಕ್ಕ ಇಳಿಸಿದ್ರ ಮುಂಜಾನೆ ತಣ್ಣಗಾದಾಗ 29. ಕಡಿಮಿ ಗಾಳಿ ಟೈರ್ ಬದಿ ಹೆಚ್ಚು ಮಡಚಿ ಇನ್ನೂ ಬಿಸಿ ಆಗ್ತದ, ಸಿಡಿಯೋ ಸಂಭವ ಅದರಿಂದಲೇ ಹೆಚ್ಚು. ಒಂದು ಪಿಎಸ್‌ಐ ಕಡಿಮಿ ಆದ್ರ ಶೇ 0.2ರಷ್ಟು ಆವರೇಜ್ ಹೋಗ್ತದ. ಚಾಲಕನ ಬಾಗಿಲ ಕಂಬದ ಚೀಟಿಯೊಳಗ ಎಷ್ಟು ಅದನೋ ಅಷ್ಟನ್ನ ಮುಂಜಾನೆ, ಗಾಡಿ ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡೋದ್ರೊಳಗ ಹಾಕಸ್ರಿ.

ಎರಡನೇದು ಬ್ರೇಕ್ ಹಿಡಿಯೋದು. ಶಹಾಬಾದ್, ವಾಡಿ, ಚಿತ್ತಾಪುರ ರಸ್ತೆದಾಗ ಓಡೋ ಗಾಡಿಗೆ ಸಿಮೆಂಟು, ಸುಣ್ಣಗಲ್ಲಿನ ಧೂಳು ಕ್ಯಾಲಿಪರಿನ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಜಾರು ಪಿನ್ನಿಗೆ ಕೂತು, ಮಳಿ ನೀರು ಬಿದ್ದಾಗ ಗಟ್ಟಿ ಆಗ್ತದ. ಪರೀಕ್ಷೆ ಹಗುರ ಅದ. ಹತ್ತು ಕಿ.ಮೀ. ಓಡಿಸಿ, ಕೊನೀಗೆ ಬ್ರೇಕ್ ಒತ್ತದೇ ಗಾಡಿ ತಾನಾಗೇ ನಿಲ್ಲಂಗ ಬಿಟ್ಟು, ನಾಲ್ಕೂ ರಿಮ್ಮಿನ ಹತ್ರ ಕೈ ಹಿಡೀರಿ. ಮುಟ್ಟಬ್ಯಾಡ್ರಿ. ಒಂದರಿಂದ ಮಾತ್ರ ಝಳ ಹೊಡೀತು ಅಂದ್ರ ಅದೇ ಹಿಡಿದದ. ಪಿನ್ ಬಿಚ್ಚಿ ಸ್ವಚ್ಛ ಮಾಡಿ ಬ್ರೇಕಿನದೇ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಸಾದಾ ಗ್ರೀಸ್ ಹಚ್ಚಿದ್ರ ರಬ್ಬರ್ ಉಬ್ಬಿ ಮತ್ತ ಹಿಡೀತದ.

ಏರ್ ಫಿಲ್ಟರ್ ವಿಷಯದಾಗ ಹಳಿ ತಿಳುವಳಿಕಿ ಬಿಡಬೇಕು. ಕಾರ್ಬುರೇಟರ್ ಕಾಲದಾಗ ಫಿಲ್ಟರ್ ಕಟ್ಟಿದ್ರ ಪೆಟ್ರೋಲ್ ಹೆಚ್ಚು ಕುಡೀತಿತ್ತು, ಖರೆ. ಈಗಿನ ಇಂಜೆಕ್ಷನ್ ಗಾಡಿಯೊಳಗ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡ್ತದ, ಹಿಂಗಾಗಿ ಎಳತ ಕಡಿಮಿ ಆಗ್ತದ, ಆವರೇಜ್ ಅಷ್ಟು ಬೀಳಂಗಿಲ್ಲ. ನಮ್ಮ ಧೂಳಿಗೆ ಫಿಲ್ಟರ್ ಬೇಗ ಬದಲಿಸೋದು ಇಂಜಿನ್ ಸವೆಯಬಾರದು ಅನ್ನೋ ಸಲುವಾಗಿ.

ಕೊನೀದು ಸ್ಕ್ಯಾನರ್. ಒಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರಿನ ಸಂಖ್ಯೆ ಓದೋ ಸಾಧನ) ಹಚ್ಚಿ ಎರಡು ಸಂಖ್ಯೆ ನೋಡಸ್ರಿ. ಒಂದು, ಕೂಲಂಟ್ (ಇಂಜಿನ್ ತಂಪು ಮಾಡೋ ದ್ರವ) ತಾಪ. ಹೈವೇದಾಗ 85ರಿಂದ 95 ಡಿಗ್ರಿ ನಡುವ ಇರಬೇಕು. 70ರಾಗೇ ತಿರುಗ್ಯಾಡಿದ್ರ ಥರ್ಮೋಸ್ಟಾಟ್ (ಕೂಲಂಟ್ ಹರಿಯೋದನ್ನ ತಡಿಯೋ ವಾಲ್ವ್) ತೆರೆದೇ ಸಿಕ್ಕಿಕೊಂಡದ, ಇಂಜಿನ್ ಇನ್ನೂ ತಣ್ಣಗದ ಅಂತ ಇಸಿಯು ಪೆಟ್ರೋಲ್ ಹೆಚ್ಚು ಬಿಡ್ತದ. ಇಲ್ಲಿ ಬಿಸಿಲಿಗೆ ಹೆದರಿ ಥರ್ಮೋಸ್ಟಾಟ್ ಕಿತ್ತೇ ಒಗೆಯೋರು ಅದಾರ, ದಯಮಾಡಿ ಹಂಗ ಮಾಡಿಸಬ್ಯಾಡ್ರಿ. ಎರಡು, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದ್ರ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು (ಪ್ಲಸ್) ಇಲ್ಲಾ ಕಡಿಮಿ (ಮೈನಸ್) ಬಿಡ್ತದ ಅನ್ನೋ ಅಂಕಿ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಇ10ಕ್ಕ 14.1, ಇ20ಕ್ಕ 13.5. ಹಿಂಗಾಗಿ ನಿಮ್ಮ ಮಾಡೆಲಿನಾಗ ಟ್ರಿಮ್ ಮೂರ್ನಾಲ್ಕು ಪ್ಲಸ್ ತೋರಿಸಿದ್ರ ಅದು ಎಥೆನಾಲಿಂದು, ರೋಗ ಅಲ್ಲ. ಪ್ಲಸ್ 10 ದಾಟಿದ್ರ ಗಾಳಿ ಸೋರಿಕಿ ಇಲ್ಲಾ ಇಂಜೆಕ್ಟರ್ ಕಟ್ಟ್ಯದ. ಮೈನಸ್ 10 ದಾಟಿದ್ರ ಇಂಜೆಕ್ಟರ್ ಸೋರ್ತದೇನು, ಆಕ್ಸಿಜನ್ ಸೆನ್ಸರ್ ಮುದಿ ಆಗ್ಯದೇನು ನೋಡಬೇಕು.

ತೊಗರಿ_ಆಳಂದ

ನಡುವೆ ಬಂದದ್ದಕ್ಕ ಕ್ಷಮಿಸ್ರಿ. ಟರ್ಬೊ ಪೆಟ್ರೋಲ್ ಗಾಡಿಗೂ 95 ಬ್ಯಾಡೇನು? ಮತ್ತ ಡೀಸೆಲ್ ಗಾಡಿಗೆ ಕಂಪನಿ ಫರಕ್ ಬೀಳ್ತದೇನು?

ಕಾರಂಜಾ_ಹೊಳಿ

ಟರ್ಬೊ ಗಾಡಿಯ ಮಾತು ಬೇರೆ. 42 ಡಿಗ್ರಿ ಬಿಸಿಲಲ್ಲಿ, ನಾಲ್ಕು ಜನ ಕೂತು ಏರು ಹತ್ತುವಾಗ ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿಕೊಂಡು ಇಂಜಿನ್ ಬಡಿಯುವುದು) ಶುರುವಾದರೆ ಇಸಿಯು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ. ಆಗ ಎಳೆತವೂ ಕಡಿಮೆ, ಖರ್ಚೂ ಹೆಚ್ಚು. ಅಂಥ ಹೊತ್ತಿನಲ್ಲಿ ಹೆಚ್ಚು ಆಕ್ಟೇನ್ ಕೆಲಸಕ್ಕೆ ಬರುತ್ತದೆ. ಪುಸ್ತಕದಲ್ಲಿ 95 ಶಿಫಾರಸು ಮಾಡಿದ್ದರೆ ಹಾಕಿಸಿ, ಇಲ್ಲದಿದ್ದರೆ ಬೇಸಿಗೆಯ ದೂರ ಪ್ರಯಾಣಕ್ಕೆ ಮಾತ್ರ ಸಾಕು.

ಡೀಸೆಲ್‌ನಲ್ಲಿ ಸೀಟೇನ್ ಸಂಖ್ಯೆ (ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ) 51ಕ್ಕಿಂತ ಕಡಿಮೆ ಇರುವಂತಿಲ್ಲ, ಸಾಂದ್ರತೆ 810ರಿಂದ 845ರ ಒಳಗೆ. ಒಂದೇ ಕಂಪನಿಯ ಎರಡು ಟ್ಯಾಂಕರುಗಳ ನಡುವೆಯೂ ಈ ಮಿತಿಯೊಳಗೆ ವ್ಯತ್ಯಾಸ ಬರಬಹುದು, ಬೋರ್ಡು ನೋಡಿ ಅದನ್ನು ಹೇಳಲಾಗದು. ಬಿಎಸ್-6 ಡೀಸೆಲ್ ಗಾಡಿಯ ಆವರೇಜ್ ಒಮ್ಮೆಲೇ ಬಿದ್ದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಡೆ ನೋಡಿ. ಸೂಪರ್ ಮಾರ್ಕೆಟ್, ಬಸ್ ಸ್ಟ್ಯಾಂಡ್ ಅಂತ ಊರೊಳಗೇ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಫಿಲ್ಟರಿನಲ್ಲಿ ಮಸಿ ತುಂಬುತ್ತದೆ. ಅದನ್ನು ಸುಡಲು ಗಾಡಿ ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಸುಡುವ ನಡುವೆ ಗಾಡಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರು. ವಾರಕ್ಕೊಮ್ಮೆ ಜೇವರ್ಗಿ ಕಡೆ ಹೈವೇಯಲ್ಲಿ ಇಪ್ಪತ್ತು ನಿಮಿಷ 60ರ ಮೇಲೆ ನಿಲ್ಲಿಸದೆ ಓಡಿಸಿದರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಫರ್ಸಿ_ಶಹಾಬಾದ್

ಎಲ್ಲರಿಗೂ ಭಾಳ ಉಪಕಾರ ಆತ್ರಿ. ನಾಳೆ ಮುಂಜಾನೆ ತಣ್ಣಗಿದ್ದಾಗ ಗಾಳಿ ಹಾಕಿಸಿ, ರಿಮ್ ಪರೀಕ್ಷೆ ಮಾಡಿ, ಆಮ್ಯಾಲೆ ಮೂರು ಟ್ಯಾಂಕಿನ ಲೆಕ್ಕ ಸುರು ಮಾಡ್ತೀನಿ. ಬಿಲ್ಲುಗಳನ್ನ ಡ್ಯಾಶ್‌ಬೋರ್ಡಿನ ಮ್ಯಾಲೇ ಇಟ್ಕೊಂಡು ಕೊನೀಗೆ ಕೂಡಸ್ತೀನಿ.

ಸುರಪುರ_ಸವಾರ

ಬಿಲ್ ಡ್ಯಾಶ್‌ಬೋರ್ಡಿನ ಮ್ಯಾಲೆ ಇಡಬ್ಯಾಡ್ರಿ. ಅದು ಥರ್ಮಲ್ ಪೇಪರ್, ನಮ್ಮ ಬಿಸಿಲಿಗೆ ಒಂದೇ ಮಧ್ಯಾಹ್ನದಾಗ ಪೂರಾ ಕಪ್ಪಾಗಿ ಅಕ್ಷರ ಕಾಣದಂಗ ಆಗ್ತದ. ಹಾಕಿಸಿದ ಕೂಡಲೇ ಬಿಲ್ಲಿಂದು, ಓಡೋಮೀಟರಿಂದು ಎರಡೂ ಫೋಟೊ ಹೊಡ್ಕೋರಿ.